ನಸುಕಿನ ಅವಲಕ್ಕಿಯಿಂದ ರಾತ್ರಿಯ ಚಹಾದವರೆಗೆ

ಪುಣೆಯಲ್ಲಿ ಮುಠಾ ಹೊಳೆಯ ಪಶ್ಚಿಮದ ದಂಡೆಗೆ ಡೆಕ್ಕನ್ ಜಿಮ್ಖಾನಾ ಎಂಬ ಬಡಾವಣೆ ಇದೆ. 1906ರಲ್ಲಿ ಹುಟ್ಟಿದ ಒಂದು ಕ್ರೀಡಾ ಕ್ಲಬ್ಬಿನ ಹೆಸರೇ ಸುತ್ತಲಿನ ಇಡೀ ಪ್ರದೇಶಕ್ಕೆ ಅಂಟಿಕೊಂಡಿದೆ. ಊರವರು ಸುಮ್ಮನೆ ‘ಡೆಕ್ಕನ್’ ಅನ್ನುತ್ತಾರೆ. ಅಲ್ಲಿಂದ ಉತ್ತರಕ್ಕೆ ಹೊರಟರೆ ಫರ್ಗ್ಯುಸನ್ ಕಾಲೇಜು ರಸ್ತೆ, ನೈಋತ್ಯಕ್ಕೆ ಕರ್ವೆ ರಸ್ತೆ, ಹೊಳೆ ದಾಟಿದರೆ ಪೇಶ್ವೆಗಳ ಕಾಲದ ಪೇಠಗಳು. ಎಲ್ಲವೂ ಕಾಲ್ನಡಿಗೆಯ ದೂರ. ಬೆಳಗಿನಿಂದ ರಾತ್ರಿಯವರೆಗೆ ಈ ಸೀಮೆಯೊಳಗೇ ಉಣ್ಣುತ್ತ, ಕುಡಿಯುತ್ತ, ನಡೆಯುತ್ತ ಒಂದು ದಿನ ಕಳೆಯಬೇಕು. ಪುಣೆ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಕನ್ನಡಿಗರಿಗೆ ಈ ರಸ್ತೆ ಹೊಸದೇನಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಮುಂಬಯಿ ಕರ್ನಾಟಕದ ಹುಡುಗರು ಮೆಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಗಂಟು ಕಟ್ಟಬೇಕಾಗಿತ್ತು. 1885ರಲ್ಲಿ ತೆರೆದ ಫರ್ಗ್ಯುಸನ್ ಕಾಲೇಜು ಅಂಥವರನ್ನು ಬರಮಾಡಿಕೊಂಡಿತು. ಆಲೂರ ವೆಂಕಟರಾಯರು ಓದಿದ್ದು ಇಲ್ಲಿ. ಬೇಂದ್ರೆಯವರು 1918ರಲ್ಲಿ ಇಲ್ಲಿಂದ ಬಿ.ಎ. ಮುಗಿಸಿಕೊಂಡು ಧಾರವಾಡಕ್ಕೆ ಮರಳಿದರು. ಕಾಲೇಜಿನ ಮುಂದಿನ ರಸ್ತೆಗೆ ಸರಕಾರಿ ಹೆಸರು ನಾಮದಾರ ಗೋಪಾಳಕೃಷ್ಣ ಗೋಖಲೆ ರಸ್ತೆ. ಗೋಖಲೆಯವರು ಇದೇ ಕಾಲೇಜಿನಲ್ಲಿ ಪಾಠ ಹೇಳಿದವರು. ಆದರೂ ಪುಣೆಯ ಬಾಯಲ್ಲಿ ಅದು ಎಫ್‌.ಸಿ. ರೋಡ್.

ಇಲ್ಲಿಯ ದಿನ ಶುರುವಾಗುವುದು ಕರ್ವೆ ರಸ್ತೆಯ ನಳ ಸ್ಟಾಪಿನಲ್ಲಿ. ಹುಬ್ಬಳ್ಳಿ, ಬೆಳಗಾವಿ ಕಡೆಯ ರಾತ್ರಿ ಬಸ್ಸುಗಳು ನಸುಕಿನಲ್ಲಿ ಪುಣೆ ಮುಟ್ಟುತ್ತವೆ. ಉಳಿದ ಊರು ಇನ್ನೂ ಮಲಗಿರುವಾಗ ನಳ ಸ್ಟಾಪಿನ ಅವಲಕ್ಕಿಯ ಅಂಗಡಿಗಳ ಮುಂದೆ ಜನ ಸೇರಿರುತ್ತಾರೆ. ರಾತ್ರಿ ಪಾಳಿ ಮುಗಿಸಿದ ಕಂಪ್ಯೂಟರ್ ಕಂಪನಿಯ ಹುಡುಗರು, ಪೇಪರ್ ಹಂಚುವವರು, ಆಟೊ ಚಾಲಕರು, ಪರೀಕ್ಷೆಗೆ ಓದುತ್ತ ಇಡೀ ರಾತ್ರಿ ಎಚ್ಚರಿದ್ದ ವಿದ್ಯಾರ್ಥಿಗಳು, ಬೆಟ್ಟ ಹತ್ತಲು ಹೊರಟವರು, ಎಲ್ಲರೂ ಒಂದೇ ಕಡೆ ನಿಂತು ತಿನ್ನುತ್ತಾರೆ. ಅಗಲವಾದ ಪರಾತದಲ್ಲಿ ಹಳದಿ ಅವಲಕ್ಕಿಯನ್ನು ಗುಡ್ಡೆ ಹಾಕಿ, ಕೆಳಗೆ ಸಣ್ಣ ಉರಿ ಇಟ್ಟಿರುತ್ತಾರೆ. ಕೇಳಿದ ಕೂಡಲೇ ಬುಡದಿಂದ ಸೌಟು ಹೊಕ್ಕಿಸಿ ಎತ್ತುತ್ತಾರೆ. ಹಬೆ ಮುಖಕ್ಕೆ ಬಡಿಯುತ್ತದೆ. ಮೇಲೆ ಸಣ್ಣ ಸೇವು, ಹಸಿ ಕೊತ್ತಂಬರಿ, ತುರಿದ ಕೊಬ್ಬರಿ, ಒಂದು ನಿಂಬೆ ಹೋಳು. ಉಳ್ಳಾಗಡ್ಡಿ ಮೆತ್ತಗಾಗಿರಬೇಕು, ಕೆಂಪಗಾಗಿರಬಾರದು. ಅವಲಕ್ಕಿ ನೆನೆದಿರಬೇಕು, ಮುದ್ದೆಯಾಗಿರಬಾರದು. ಇಷ್ಟು ಹದವನ್ನು ಪರಾತದ ತುಂಬ ಹಿಡಿದಿಡುವುದು ಸಣ್ಣ ಕೆಲಸವಲ್ಲ. ಪಕ್ಕದಲ್ಲೇ ಉಪ್ಪಿಟ್ಟು ಇರುತ್ತದೆ, ಸಾಬೂದಾಣಿ ಖಿಚಡಿಯೂ ಇರುತ್ತದೆ. ಮೊದಲ ಹಸಿವಿಗೆ ಅವಲಕ್ಕಿಯೇ ಸರಿ.

ಅವಲಕ್ಕಿಯ ಹಿಂದೆ ಚಹಾ ಬೇಕು. ಪುಣೆಯ ಚಹಾದಂಗಡಿಗೆ ಅಮೃತತುಲ್ಯ ಎಂದು ಹೆಸರು. ಅಂಗಡಿಗೆ ಒಂದು ದೇವರ ಹೆಸರು, ಅದರ ಮುಂದೆ ಅಮೃತತುಲ್ಯ ಎಂಬ ಬಿರುದು. ರಾಜಸ್ಥಾನದಿಂದ ವಲಸೆ ಬಂದ ಬ್ರಾಹ್ಮಣ ಮನೆತನಗಳು ಕಳೆದ ಶತಮಾನದ ಮೊದಲರ್ಧದಲ್ಲಿ ಈ ಅಂಗಡಿಗಳನ್ನು ಇಟ್ಟವು. ಇಂದು ಅದೇ ಹೆಸರು ಹೊತ್ತ ಹೊಸ ನಮೂನೆಯ ಅಂಗಡಿಗಳು ಕರ್ನಾಟಕದ ಪೇಟೆಗಳವರೆಗೂ ಬಂದಿವೆ. ಹಳೆಯ ಅಂಗಡಿಯ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಚಹಾ ಮಾಡುವವನು ಎತ್ತರದ ಕಟ್ಟೆಯ ಮೇಲೆ ಕೂತಿರುತ್ತಾನೆ. ಮುಂದೆ ತಿಕ್ಕಿ ತಿಕ್ಕಿ ಹೊಳೆಯುವ ಹಿತ್ತಾಳೆಯ ಪಾತ್ರೆ. ಹಾಲು, ನೀರು, ಸಕ್ಕರೆ, ಚಹಾಪುಡಿ ಒಟ್ಟಿಗೇ ಕುದಿಯುತ್ತವೆ. ಏಲಕ್ಕಿ, ಶುಂಠಿ ಜಜ್ಜಿ ಹಾಕುತ್ತಾನೆ. ಉಕ್ಕಿ ಬರುವ ಹೊತ್ತಿಗೆ ಸೌಟಿನಿಂದ ಎತ್ತಿ ಎತ್ತಿ ಸುರಿದು ತಗ್ಗಿಸುತ್ತಾನೆ. ಬಟ್ಟೆಯಲ್ಲಿ ಸೋಸಿ ಕೆಟಲಿಗೆ ತುಂಬಿದ ಕೂಡಲೇ ಮುಂದಿನ ಸರದಿಗೆ ಹಾಲು ಏರುತ್ತದೆ. ಹಳೆಯ ಚಹಾವನ್ನು ಮತ್ತೆ ಕಾಸುವುದಿಲ್ಲ. ಕೊಡುವುದು ಅರ್ಧ ಲೋಟ ಮಾತ್ರ. ಆದರೆ ಆ ಅರ್ಧ ಲೋಟ ದಪ್ಪಗೆ, ಸಿಹಿಯಾಗಿ ಗಂಟಲಲ್ಲಿ ನಿಲ್ಲುತ್ತದೆ.

ನಳ ಸ್ಟಾಪಿನಿಂದ ಡೆಕ್ಕನ್ ಕಡೆಗೆ ನಡೆಯುತ್ತ ಬಂದರೆ ಬೆಳಕು ಹರಿಯುತ್ತದೆ. ತಲೆಯ ಮೇಲೆ ಮೆಟ್ರೊ ಹಳಿ ಜೊತೆಗೆ ಬರುತ್ತದೆ. 2023ರ ಆಗಸ್ಟ್ 1ರಂದು ತೆರೆದ ಡೆಕ್ಕನ್ ಜಿಮ್ಖಾನಾ ನಿಲ್ದಾಣದ ಮಾಡು ಶಿವಾಜಿಯ ಸೈನಿಕರಾದ ಮಾವಳರ ಪಗಡಿಯ ಆಕಾರದಲ್ಲಿದೆ. ಅದರಾಚೆ ಕ್ಲಬ್ಬಿನ ಮೈದಾನ. 1919ರಲ್ಲಿ ಇಲ್ಲಿಯ ಕ್ರೀಡಾಕೂಟದಲ್ಲಿ ಓಟಗಾರರನ್ನು ಕಂಡ ದೋರಾಬ್ಜಿ ಟಾಟಾ ಅವರು ಮರುವರ್ಷ ಆ್ಯಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡ ಕಳಿಸಲು ಮುಂದಾದರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು, ಮ್ಯಾರಥಾನ್ ಓಡಿದರು. ಈಗಲೂ ಬೆಳಗಿನ ಹೊತ್ತು ಈ ಸುತ್ತಿನ ಜನ ಕಾಲಿಗೆ ಬೂಟು ಕಟ್ಟಿಕೊಂಡೇ ಕಾಣಿಸುತ್ತಾರೆ. ಫರ್ಗ್ಯುಸನ್ ಕಾಲೇಜಿನ ಬೆನ್ನಿಗೆ ಹನುಮಾನ್ ಟೇಕಡಿ ಎಂಬ ಗುಡ್ಡವಿದೆ. ಹತ್ತಿ ಇಳಿದವರ ಕಾಲು ತಾನಾಗಿ ‘ವೈಶಾಲಿ’ಯ ಕಡೆಗೆ ತಿರುಗುತ್ತದೆ.

ವೈಶಾಲಿಯ ಮುಂದೆ ನಿಂತಾಗ ನನಗೆ ಪ್ರತಿ ಸಲ ಎದೆ ಉಬ್ಬುತ್ತದೆ. ಹೊರಗಿನಿಂದ ನೋಡಿದರೆ ಸಾಧಾರಣ ಹೋಟೆಲು. ಒಳಗೆ ಹೋಗಿ, ದಾಟಿ ಹಿಂದಿನ ಹಿತ್ತಲಿಗೆ ಬಂದರೆ ನೆರಳಿನಲ್ಲಿ ಮೇಜುಗಳು. ಬೆಳಗಿನ ಏಳೂವರೆಗೆ ಅಲ್ಲಿ ನಿವೃತ್ತ ಪ್ರಾಧ್ಯಾಪಕರು, ವಕೀಲರು, ಬ್ಯಾಂಕಿನವರು ತಮ್ಮ ತಮ್ಮ ಗುಂಪಿನಲ್ಲಿ ಕೂತಿರುತ್ತಾರೆ. ಎಷ್ಟೋ ಗುಂಪುಗಳಿಗೆ ಮೇಜು ಬದಲಾಗುವುದಿಲ್ಲ, ಹೊತ್ತು ಬದಲಾಗುವುದಿಲ್ಲ. ಬಡಿಸುವವರು ಅವರನ್ನು ಏನು ಬೇಕೆಂದು ಕೇಳುವುದೂ ಇಲ್ಲ. ಇಡ್ಲಿ, ಉಪ್ಪಿಟ್ಟು, ಮಸಾಲೆ ದೋಸೆ, ಫಿಲ್ಟರ್ ಕಾಫಿ ತಾವಾಗಿ ಬರುತ್ತವೆ. ಎಂಟೂವರೆಯ ಹೊತ್ತಿಗೆ ಹಿರಿಯರು ಏಳುತ್ತಾರೆ, ಕಾಲೇಜಿನ ಮಕ್ಕಳು ಆ ಕುರ್ಚಿಗಳಿಗೆ ಬರುತ್ತಾರೆ. ಶನಿವಾರ, ಭಾನುವಾರ ಬಾಗಿಲ ಹೊರಗೆ ಕಾದು ನಿಂತವರು ಫುಟ್‌ಪಾತ್ ತುಂಬಿರುತ್ತಾರೆ.

ಈ ಹೋಟೆಲನ್ನು ಕಟ್ಟಿದವರು ಜಗನ್ನಾಥ ಶೆಟ್ಟರು, ಕಾರ್ಕಳ ಸೀಮೆಯ ಬೈಲೂರು ಕಡೆಯವರು. 1932ರಲ್ಲಿ ಹುಟ್ಟಿದವರು. ಹದಿಮೂರರ ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಮುಂಬಯಿಯ ಹತ್ತಿರದ ಕಲ್ಯಾಣಕ್ಕೆ ಬಂದು ಸಂಬಂಧಿಕರ ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು. ಅಲ್ಲಿಂದ ಪುಣೆಗೆ ಬಂದು, 1950ರ ದಶಕದ ಆರಂಭದಲ್ಲಿ ಇದೇ ರಸ್ತೆಯಲ್ಲಿ ಹೋಟೆಲು ನಡೆಸತೊಡಗಿದರು. ಒಂದರ ಹೆಸರು ಕೆಫೆ ಮದ್ರಾಸ್, ಇನ್ನೊಂದರ ಹೆಸರು ಮದ್ರಾಸ್ ಹೆಲ್ತ್ ಹೋಮ್. ಮುಂದೆ ಕೆಫೆ ಮದ್ರಾಸ್ ‘ರೂಪಾಲಿ’ಯಾಯಿತು, ಹೆಲ್ತ್ ಹೋಮ್ ‘ವೈಶಾಲಿ’ಯಾಯಿತು. ಇದೇ ರಸ್ತೆಯ ‘ಆಮ್ರಪಾಲಿ’ಯೂ ಅವರದೇ. 2023ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಪುಣೆಯ ಪತ್ರಿಕೆಗಳು ಮನೆಯ ಹಿರಿಯರು ಹೋದಂತೆ ಬರೆದವು. ತೊಂಬತ್ತೊಂದು ವರ್ಷದ ಬದುಕಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಈ ಊರಿಗೆ ಉಣಬಡಿಸಿದ್ದರು.

ಅವರಂಥವರ ಹಿಂದೆ ಒಂದು ದೊಡ್ಡ ವಲಸೆಯ ಕಥೆಯಿದೆ. ಗೇಣಿಯ ಬೇಸಾಯ, ಮನೆ ತುಂಬ ಮಕ್ಕಳು, ಮಳೆಗಾಲದ ಅರೆಹೊಟ್ಟೆ, ಇವು ತುಳುನಾಡಿನ ಎಷ್ಟೋ ಹುಡುಗರನ್ನು ಹತ್ತು ಹನ್ನೆರಡರ ವಯಸ್ಸಿಗೇ ಮುಂಬಯಿಯ ದಾರಿ ಹಿಡಿಸಿದವು. ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಆಮೇಲೆ ಸಪ್ಲೈ, ಆಮೇಲೆ ಗಲ್ಲಾ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು ಸಾವಿರಾರು. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಹೀಗೆ ಒಬ್ಬೊಬ್ಬರು ಒಂದೊಂದು ಊರು ಹಿಡಿದರು. ಶೆಟ್ಟರ ಪಾಲಿಗೆ ಬಂದದ್ದು ಕಾಲೇಜುಗಳ ರಸ್ತೆ. ಕೈಯಲ್ಲಿ ಹೆಚ್ಚು ಹಣವಿಲ್ಲದ, ಮಾತಿಗೆ ಮಾತ್ರ ಬರವಿಲ್ಲದ ಹರೆಯದವರೇ ಅವರ ಗಿರಾಕಿಗಳು. ಒಂದು ಕಾಫಿಗೆ ಒಂದು ತಾಸು ಕೂರುವವರನ್ನು ಅಂಗಡಿ ಸಹಿಸಿಕೊಂಡಿತು. ಆ ಹರೆಯದವರೇ ಮುಂದೆ ಪ್ರಾಧ್ಯಾಪಕರಾಗಿ, ನಟರಾಗಿ, ಅಧಿಕಾರಿಗಳಾಗಿ ತಮ್ಮ ಮಕ್ಕಳ ಕೈ ಹಿಡಿದು ಅಲ್ಲಿಗೇ ಬಂದರು. ಹೋಟೆಲಿನ ಹೆಸರು ನಿಂತಿರುವುದು ಈ ತಲೆಮಾರುಗಳ ಮೇಲೆ.

ಆದರೆ ವೈಶಾಲಿಗೆ ಹೋಗುವ ಕನ್ನಡಿಗರಿಗೆ ನಾನೊಂದು ಮಾತು ಹೇಳಬೇಕು. ಅಲ್ಲಿ ಉಡುಪಿಯ ರುಚಿ ಹುಡುಕಬೇಡಿ. ಪುಣೆಯ ಉಡುಪಿ ಹೋಟೆಲುಗಳ ಸಾಂಬಾರಿಗೆ ಸಿಹಿ ತುಸು ಮುಂದು. ಉಪ್ಪಿಟ್ಟಿನ ಮೇಲೆ ಸೇವು, ಕೊಬ್ಬರಿ ಉದುರಿಸಿರುತ್ತಾರೆ. ಡೆಕ್ಕನ್ನಿನ ಒಂದು ಓಣಿಯ ಸಣ್ಣ ಹೋಟೆಲಿನಲ್ಲಿ ಗಲ್ಲಾದ ಮೇಲಿದ್ದವರು ನನ್ನ ಮರಾಠಿಯ ಉಚ್ಚಾರದಿಂದಲೇ ಗುರುತು ಹಿಡಿದು, “ನಿಮ್ಮದು ಯಾವ ಊರು ಮಾರಾಯ್ರೆ?” ಎಂದು ಕೇಳಿದರು. “ಧಾರವಾಡ ರೀ” ಅಂದೆ. ಮಾತು ಸಾಂಬಾರಿಗೆ ಬಂತು. “ಉಣ್ಣುವವರು ಇಲ್ಲಿಯವರಲ್ವಾ? ಅವರ ನಾಲಿಗೆಗೆ ಸರಿಯಾಗಿ ಮಾಡ್ಬೇಕು. ನಮ್ಮ ರುಚಿಗೆ ಮನೆಯಲ್ಲಿ ಮಾಡಿ ಉಣ್ತೇವೆ” ಅಂದರು. ಅವರ ಮಾತಿನಲ್ಲಿ ಬೇಸರವಿರಲಿಲ್ಲ, ತನ್ನ ಕಸುಬು ತಿಳಿದವರ ನೆಮ್ಮದಿ ಇತ್ತು. ಈ ಊರಿನ ಪ್ರತಿ ಹಳೆಯ ಅಂಗಡಿಯ ಹಿಂದೆ ಇದೇ ತಿಳಿವಳಿಕೆ ಇದೆ ಎಂದು ಆ ದಿನವಿಡೀ ನಡೆದಂತೆ ನನಗೆ ಮನದಟ್ಟಾಗುತ್ತ ಹೋಯಿತು. ದೂರದಿಂದ ಬಂದವರು ತಮ್ಮ ಅಡುಗೆ ತಂದರು. ಊರು ಕೂರಲು ಜಾಗ ಕೊಟ್ಟಿತು. ಬಂದವರು ಊರಿನ ನಾಲಿಗೆಯ ಮಾತು ಕೇಳಿದರು. ಆ ಕೇಳುವಿಕೆಯಿಂದಲೇ ಪುಣೆಯ ಊಟ ಆಯಿತು.

ಹತ್ತೂವರೆಯ ಹೊತ್ತಿಗೆ ಎಫ್‌.ಸಿ. ರೋಡಿನ ಬುಡಕ್ಕೆ, ಗುಡ್‌ಲಕ್ ಚೌಕಕ್ಕೆ ಬರಬೇಕು. ಮೂಲೆಯಲ್ಲಿ ಕೆಫೆ ಗುಡ್‌ಲಕ್ ಇದೆ, 1935ರಲ್ಲಿ ಹುಸೇನ್ ಅಲಿ ಯಕ್ಷಿ ತೆರೆದ ಇರಾನಿ ಹೋಟೆಲು. ಇರಾನಿನ ಯಜ್ದ್, ಕೆರ್ಮಾನ್ ಸೀಮೆಗಳಿಂದ ಹೊಟ್ಟೆಪಾಡಿಗೆ ಬಂದ ಜನ, ಜರತುಷ್ಟ್ರ ಧರ್ಮದವರೂ ಶಿಯಾ ಮುಸಲ್ಮಾನರೂ, ಮುಂಬಯಿ ಪುಣೆಗಳ ಚೌಕಗಳಲ್ಲಿ ಹೀಗೆ ಅಂಗಡಿ ಇಟ್ಟರು. ಊರ ವ್ಯಾಪಾರಿಗಳು ಮೂಲೆಯ ಮಳಿಗೆ ಶುಭವಲ್ಲವೆಂದು ಬಿಟ್ಟದ್ದರಿಂದ ಇರಾನಿಗಳಿಗೆ ಅವು ಸಿಕ್ಕವು ಎಂಬ ಮಾತಿದೆ. ಕಾರಣ ಏನೇ ಇರಲಿ, ಎರಡು ಬದಿಗೆ ರಸ್ತೆ ಕಾಣುವ ಮೂಲೆಯಲ್ಲಿ ಕೂತು ಚಹಾ ಕುಡಿಯುವ ಸುಖವನ್ನು ಈ ಊರಿಗೆ ಕಲಿಸಿದವರು ಅವರೇ.

ಗುಡ್‌ಲಕ್ಕಿನಲ್ಲಿ ಬನ್ ಮಸ್ಕಾ ಕೇಳಿ. ಅಂಗೈ ಅಗಲದ ಮೆತ್ತನೆಯ ಬನ್ನು, ತುಸು ಸಿಹಿ. ನಡುವೆ ಸೀಳಿ ಬೆಣ್ಣೆಯನ್ನು ಜಿಪುಣತನ ಮಾಡದೆ ಹಚ್ಚಿ, ತುಂಡು ಮಾಡಿ ತಂದಿಡುತ್ತಾರೆ. ತುಂಡನ್ನು ಬಿಸಿ ಚಹಾದಲ್ಲಿ ಅದ್ದಿದರೆ ಬೆಣ್ಣೆ ಕರಗಿ ಚಹಾದ ಮೇಲೆ ಬಂಗಾರದ ಹನಿಗಳಾಗಿ ತೇಲುತ್ತದೆ. ಕೊನೆಯ ಗುಟುಕಿಗೆ ಉಪ್ಪು, ಸಿಹಿ, ಕಹಿ ಮೂರೂ ಸೇರಿರುತ್ತವೆ. ಮಾಂಸ ತಿನ್ನುವವರಿಗೆ ಖೀಮಾ ಪಾವ್ ಇದೆ, ತತ್ತಿ ತಿನ್ನುವವರಿಗೆ ಆಮ್ಲೆಟ್ ಇದೆ, ಕೊನೆಗೆ ಕ್ಯಾರಮೆಲ್ ಕಸ್ಟರ್ಡ್ ಇದೆ. ವೈಶಾಲಿಯ ಇಡ್ಲಿ ತಿಂದವರೂ ಗುಡ್‌ಲಕ್ಕಿನ ಖೀಮಾ ತಿಂದವರೂ ಒಂದೇ ತರಗತಿಯಲ್ಲಿ ಕೂತು ಪಾಠ ಕೇಳುವುದು ಈ ರಸ್ತೆಯ ವಿಶೇಷ.

ಇಲ್ಲಿಂದ ಸ್ವಲ್ಪ ದೂರದಲ್ಲಿ ಪ್ರಭಾತ್ ರಸ್ತೆ. 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂದ ಪ್ರಭಾತ್ ಫಿಲ್ಮ್ ಕಂಪನಿಯ ಹೆಸರು ಅದು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಪಡುಕೋಣೆ 1944ರಲ್ಲಿ ಆ ಕಂಪನಿಗೆ ಕೆಲಸಕ್ಕೆ ಬಂದರು. ಅದೇ ಹೊತ್ತಿಗೆ ದೇವ್ ಆನಂದ್ ಎಂಬ ಹೊಸ ಹುಡುಗನೂ ಬಂದ. ಅಗಸನ ಅಂಗಡಿಯಲ್ಲಿ ಇಬ್ಬರ ಅಂಗಿ ಅದಲುಬದಲಾಗಿ, ಒಬ್ಬರ ಅಂಗಿ ಇನ್ನೊಬ್ಬರ ಮೈಮೇಲೆ ಕಂಡು ಗೆಳೆತನವಾಯಿತು. ಯಾರು ಮೊದಲು ಮೇಲೆ ಬರುತ್ತಾರೋ ಅವರು ಇನ್ನೊಬ್ಬರಿಗೆ ಕೆಲಸ ಕೊಡಬೇಕು ಎಂದು ಮಾತಾಯಿತು. ದೇವ್ ಆನಂದ್ ಮಾತು ಉಳಿಸಿಕೊಂಡರು; 1951ರ ‘ಬಾಜಿ’ ಗುರುದತ್ ನಿರ್ದೇಶಿಸಿದ ಮೊದಲ ಚಿತ್ರವಾಯಿತು. ಪ್ರಭಾತದ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು. 1970ರ ದಶಕದಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. ಗುಡ್‌ಲಕ್ಕಿನ ಮೇಜುಗಳ ಸುತ್ತ ಸಿನಿಮಾದ ಮಾತು ಅಂದಿನಿಂದ ಇಂದಿನವರೆಗೆ ನಿಂತಿಲ್ಲ. ಪಕ್ಕದ ಮೇಜಿನಲ್ಲಿ ಯಾವುದೋ ದೃಶ್ಯಕ್ಕೆ ಬೆಳಕು ಎಲ್ಲಿಂದ ಬರಬೇಕೆಂದು ಇಬ್ಬರು ಹುಡುಗರು ವಾದಿಸುತ್ತಿದ್ದುದನ್ನು ಕೇಳುತ್ತ ನಾನು ಎರಡನೆಯ ಚಹಾ ತರಿಸಿದೆ.

ಮಧ್ಯಾಹ್ನದ ಊಟಕ್ಕೆ ಆಪಟೆ ರಸ್ತೆಯ ‘ಶ್ರೇಯಸ್’ಗೆ ಹೋದೆ. ಮರಾಠಿ ಥಾಳಿ ಅಲ್ಲಿಯ ಹೆಸರಾದ ಊಟ. ಥಾಳಿಯಲ್ಲಿ ಪ್ರತಿ ಪದಾರ್ಥಕ್ಕೂ ಅದರದೇ ಜಾಗವಿದೆ. ಉಪ್ಪು, ನಿಂಬೆ, ಚಟ್ನಿ, ಕೋಶಿಂಬಿರ ಎಡಕ್ಕೆ. ಪಲ್ಯ, ಉಸಳ, ಆಮಟಿ ಬಲಕ್ಕೆ. ನಡುವೆ ಸಣ್ಣ ಗುಂಪಿಯಾಗಿ ಅನ್ನ, ಅದರ ಮೇಲೆ ಹಳದಿ ವರಣ, ಅದರ ಮೇಲೆ ತುಪ್ಪ. ಎಡಗಡೆಯದನ್ನು ನಾಲಿಗೆಗೆ ತಾಗಿಸಬೇಕು, ಬಲಗಡೆಯದನ್ನು ಹೊಟ್ಟೆ ತುಂಬ ಉಣ್ಣಬೇಕು. ಬಾಳೆಯೆಲೆಯ ಪಂಕ್ತಿಯಲ್ಲಿ ಬೆಳೆದ ನಮ್ಮವರಿಗೆ ಈ ಶಿಸ್ತು ತಾನಾಗಿ ತಿಳಿಯುತ್ತದೆ. ಆಮಟಿಯಲ್ಲಿ ಹುಣಸೆ ಬೆಲ್ಲ ಜೊತೆಗೂಡಿರುತ್ತವೆ, ಗೋಡಾ ಮಸಾಲೆಯ ಪರಿಮಳ ಅದನ್ನು ಸಾರಿನಿಂದ ಬೇರೆ ಮಾಡುತ್ತದೆ. ಕೆಸುವಿನ ಎಲೆಯ ಪಾತಳ ಭಾಜಿಯಲ್ಲಿ ಶೇಂಗಾ, ಕೊಬ್ಬರಿಯ ಚೂರು ಹಲ್ಲಿಗೆ ಸಿಗುತ್ತವೆ. ಪೋಳಿ ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ. ಮಜ್ಜಿಗೆಗೆ ಶುಂಠಿ, ಕೊತ್ತಂಬರಿ ಹಾಕಿದ ಮಠ್ಠಾ ಕೊನೆಗೆ. ಬಡಿಸುವವರು ಒತ್ತಾಯ ಮಾಡುತ್ತಾರೆ, ಬೇಡವೆಂದರೂ ಇನ್ನೊಂದು ಸೌಟು ಬೀಳುತ್ತದೆ.

ಈ ಊರಿನಲ್ಲಿ ವಿದ್ಯಾರ್ಥಿಯ ಊಟಕ್ಕೂ ಒಂದು ಚರಿತ್ರೆಯಿದೆ. ಹಿಂದಿನ ಕಾಲಕ್ಕೆ ಬಡ ಹುಡುಗರು ಐದು ಮನೆ ತಿರುಗಿ ಮಾಧುಕರಿ ಬೇಡಿ ಉಣ್ಣುತ್ತಿದ್ದರು, ಇಲ್ಲವೇ ವಾರದ ಏಳು ದಿನಕ್ಕೆ ಏಳು ಮನೆ ಹಿಡಿದು ವಾರಾನ್ನದ ಮೇಲೆ ಓದುತ್ತಿದ್ದರು. ಆಮೇಲೆ ಖಾನಾವಳಿಗಳು, ಬೋರ್ಡಿಂಗ್ ಹೌಸುಗಳು ಬಂದವು. ಟಿಳಕ ರಸ್ತೆಯ ‘ಬಾದಶಾಹಿ’, ಸದಾಶಿವ ಪೇಠದ ‘ಪೂನಾ ಬೋರ್ಡಿಂಗ್ ಹೌಸ್’ ಇವುಗಳ ಊಟ ಉಂಡು ಡಾಕ್ಟರು, ಇಂಜಿನಿಯರು ಆದವರು ದೇಶದ ತುಂಬ ಇದ್ದಾರೆ. ಇಂದು ಸದಾಶಿವ, ನಾರಾಯಣ ಪೇಠಗಳಲ್ಲಿ ಮಹಾರಾಷ್ಟ್ರದ ಮೂಲೆಮೂಲೆಯಿಂದ ಲೋಕಸೇವಾ ಆಯೋಗದ ಪರೀಕ್ಷೆಗೆ ತಯಾರಾಗಲು ಬಂದ ಹಳ್ಳಿಯ ಹುಡುಗ ಹುಡುಗಿಯರು ತುಂಬಿದ್ದಾರೆ. ಮಧ್ಯಾಹ್ನ ಒಂದು ಗಂಟೆಗೆ ಅಭ್ಯಾಸಿಕೆ ಎಂಬ ಓದುಕೋಣೆಗಳಿಂದ ಅವರು ಹೊರಬಿದ್ದು ಮೆಸ್ಸುಗಳ ಮುಂದೆ ಸಾಲುಗಟ್ಟುತ್ತಾರೆ. ಎರಡು ಪಲ್ಯ, ಚಪಾತಿ, ಬೇಳೆ, ಅನ್ನ. ಊರಿನ ಮನೆಯಲ್ಲಿ ಎಣಿಸಿ ಕಳಿಸಿದ ಹಣದಲ್ಲಿ ತಿಂಗಳು ದಾಟಿಸುವ ಊಟ ಅದು. ಹೆಸರಾದ ಹೋಟೆಲುಗಳನ್ನು ಹೊಗಳುವಾಗ ಈ ಮೆಸ್ಸುಗಳನ್ನು ಮರೆಯಬಾರದು. ಪುಣೆ ವಿದ್ಯೆಯ ಊರಾಗಿರುವುದರ ಹಿಂದೆ ಕಾಲೇಜುಗಳಷ್ಟೇ ಈ ಒಲೆಗಳೂ ಇವೆ.

ಒಂದರಿಂದ ನಾಲ್ಕು ಪುಣೆ ಮಲಗುವ ಹೊತ್ತು. ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಹೋಗಿ ಉಂಡು ಒರಗುವುದು ಹಳೆಯ ಪೇಠಗಳ ಪದ್ಧತಿ. ಚಿತಳೆ ಬಂಧು ಮಿಠಾಯಿವಾಲೆ ಎಂಬ ಅಂಗಡಿ ಈ ಮಧ್ಯಾಹ್ನದ ಬಿಡುವಿಗೇ ದಶಕಗಳ ಕಾಲ ಹೆಸರಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಮಾತ್ರ ಮಧ್ಯಾಹ್ನವೂ ತೆರೆಯತೊಡಗಿತು. ಆ ಮನೆತನದ ಬೇರೂ ಪುಣೆಯದಲ್ಲ. ಭಾಸ್ಕರ ಗಣೇಶ ಚಿತಳೆಯವರು ಸಾಂಗ್ಲಿ ಜಿಲ್ಲೆಯ ಕೃಷ್ಣಾ ತೀರದ ಭಿಲವಡಿಯಲ್ಲಿ ಹಾಲಿನ ವ್ಯಾಪಾರ ಶುರುಮಾಡಿದವರು. ಪುಣೆಯ ಅಂಗಡಿ 1950ರಲ್ಲಿ ಬಂತು. ಡೆಕ್ಕನ್ನಿನ ಅವರ ಅಂಗಡಿಯಲ್ಲಿ ಬಾಕರವಡಿಯ ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಗಸಗಸೆ, ಎಳ್ಳು, ಒಣಕೊಬ್ಬರಿಯ ಮಸಾಲೆಯನ್ನು ಕಡಲೆಹಿಟ್ಟು ಬೆರೆತ ಹಾಳೆಯಲ್ಲಿ ಸುತ್ತಿ, ಸುರುಳಿ ಕತ್ತರಿಸಿ ಕರಿದ ಈ ತಿಂಡಿ ಮೊದಲು ಸಿಹಿಯಾಗಿ ಶುರುವಾಗಿ ಖಾರದಲ್ಲಿ ಮುಗಿಯುತ್ತದೆ.

ನಾಲ್ಕರ ಹೊತ್ತಿಗೆ ಲಕಡಿ ಪೂಲ್ ದಾಟಿ ಪೇಠಗಳ ಕಡೆಗೆ ನಡೆದೆ. ಪೇಶ್ವೆಗಳ ಕಾಲಕ್ಕೆ ಇಲ್ಲಿ ಮರದ ಸೇತುವೆಯಿತ್ತು, ಈಗಿರುವುದು ಕಲ್ಲಿನದು, ಹೆಸರು ಮಾತ್ರ ಹಳೆಯದೇ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದಾಗ ಮುಠಾ ಈ ಸೇತುವೆಯನ್ನೂ ಮುಳುಗಿಸಿ ಎರಡೂ ದಂಡೆಯ ಮನೆಗಳಿಗೆ ನುಗ್ಗಿತು. ಹಳೆಯ ಪುಣೆಯವರು ಕಾಲವನ್ನು ಪ್ರವಾಹದ ಮೊದಲು, ಪ್ರವಾಹದ ನಂತರ ಎಂದು ಎಣಿಸುತ್ತಾರೆ.

ಸದಾಶಿವ ಪೇಠದ ನಿಂಬಾಳಕರ್ ತಾಲೀಮ್ ಚೌಕದಲ್ಲಿ ‘ಸುಜಾತಾ’ ಇದೆ. ಅಲ್ಲಿ ಕುಡಿಯಬೇಕಾದದ್ದು ಮಸ್ತಾನಿ. ದಪ್ಪಗೆ ಮಾಡಿದ ತಣ್ಣನೆಯ ಹಾಲಿಗೆ ಹಣ್ಣಿನ ರಸ ಕೂಡಿಸಿ ಎತ್ತರದ ಗ್ಲಾಸಿಗೆ ಹೊಯ್ದು, ಮೇಲೆ ಐಸ್‌ಕ್ರೀಮಿನ ಒಂದು ಉಂಡೆ ಕೂರಿಸುತ್ತಾರೆ. ಮಾವಿನ ಕಾಲದಲ್ಲಿ ಮಾವಿನದೇ ಆಗಬೇಕು. ಮೊದಲು ಚಮಚದಿಂದ 
ಮೇಲಿನ ಉಂಡೆಯನ್ನು ತಿನ್ನುತ್ತ ಬರಬೇಕು, ಅರ್ಧ ಕರಗಿದ್ದು ಹಾಲಿಗೆ ಬೆರೆತ ಮೇಲೆ ಎತ್ತಿ ಕುಡಿಯಬೇಕು. ಏಪ್ರಿಲ್‌ನ ಧಗೆಯಲ್ಲಿ ಆ ಚೌಕದಲ್ಲಿ ನಿಂತವರ ಮುಖದ ಮೇಲೆ ಸುಮ್ಮನೆ ಒಂದು ಕಳೆ ಏರುತ್ತದೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಬೆಂಚಿನ ಮೇಲೆ ಮೂರು ಗ್ಲಾಸು ಹಿಡಿದು ಕೂತಿದ್ದರು. ಮೊಮ್ಮಗಳ ಐಸ್‌ಕ್ರೀಮು ಜಾರಿ ಬೀಳದಂತೆ ಅಜ್ಜಿ ತನ್ನ ಚಮಚವನ್ನು ಅದರ ಬದಿಗೆ ಒತ್ತಿ ಹಿಡಿದಿದ್ದಳು.

ಸಂಜೆ ಆರರ ಎಫ್‌.ಸಿ. ರೋಡ್ ಬೆಳಗಿನ ರಸ್ತೆಯಲ್ಲ. ಬಟ್ಟೆಯ ಅಂಗಡಿ, ಚಪ್ಪಲಿ, ಕಿವಿಯೋಲೆ, ಹಳೆಯ ಪುಸ್ತಕ ಎಲ್ಲವೂ ಫುಟ್‌ಪಾತಿಗೆ ಇಳಿದಿರುತ್ತವೆ. ಮತ್ತೆ ವೈಶಾಲಿಗೆ ಹೋಗಲು ಇದೇ ಸರಿಯಾದ ಹೊತ್ತು. ಬೆಳಗಿಗೆ ಇಡ್ಲಿ ಕೊಟ್ಟ ಅಡುಗೆಮನೆ ಸಂಜೆಗೆ ಎಸ್‌ಪಿಡಿಪಿ ಕೊಡುತ್ತದೆ: ಸೇವ್, ಪೊಟ್ಯಾಟೊ, ದಹಿ, ಪೂರಿ. ಗರಿಗರಿ ಪೂರಿಯ ಮೇಲೆ ಬೇಯಿಸಿದ ಆಲೂಗಡ್ಡೆ, ಉಳ್ಳಾಗಡ್ಡಿ, ಹುಣಸೆಯ ಸಿಹಿ ಚಟ್ನಿ, ಹಸಿರು ಚಟ್ನಿ, ತಣ್ಣನೆಯ ಗಟ್ಟಿ ಮೊಸರು. ಎಲ್ಲದರ ಮೇಲೆ ಕೂದಲೆಳೆಯ ಸೇವು ಮುಚ್ಚಿರುತ್ತದೆ. ತಟ್ಟೆ ಮೇಜಿಗೆ ಬಂದ ಮೇಲೆ ಮಾತಾಡುತ್ತ ಕೂರಬಾರದು; ಪೂರಿ ಮೆತ್ತಗಾಗುವ ಮೊದಲು ಬಾಯಿಗೆ ಇಡಬೇಕು. ಕಾರ್ಕಳದಲ್ಲಾಗಲಿ ಉಡುಪಿಯಲ್ಲಾಗಲಿ ಹುಟ್ಟಿದ ತಿಂಡಿ ಇದಲ್ಲ. ಆದರೂ ವೈಶಾಲಿ ಅಂದಕೂಡಲೇ ಪುಣೆಯ ಹುಡುಗರ ನೆನಪಿಗೆ ದೋಸೆಗಿಂತ ಮೊದಲು ಇದೇ ಬರುತ್ತದೆ. ತುಳುನಾಡಿನ ಅಡುಗೆಯವರು ಈ ಊರಿನ ಚಾಟಿನ ಹುಚ್ಚನ್ನು ತಮ್ಮದೇ ಕೈಹದದಿಂದ ತಿದ್ದಿ ಊರಿಗೇ ಮರಳಿಸಿದ್ದಾರೆ. ಬೆಳಿಗ್ಗೆ ಕೇಳಿದ ಗಲ್ಲಾದವರ ಮಾತಿಗೆ ಇದಕ್ಕಿಂತ ರುಚಿಯಾದ ಸಾಕ್ಷಿ ಬೇಕಿಲ್ಲ.

ರಾತ್ರಿ ನಾಟಕವಿದ್ದರೆ ಜಂಗಲಿ ಮಹಾರಾಜ ರಸ್ತೆಯ ಬಾಲಗಂಧರ್ವ ರಂಗಮಂದಿರಕ್ಕೆ ಹೋಗಬೇಕು. 1968ರಲ್ಲಿ ತೆರೆದದ್ದು. ಮಧ್ಯಂತರದಲ್ಲಿ ಬಟಾಟೆವಡೆಗೆ ಸಾಲು ನಿಲ್ಲುವುದು ನಾಟಕದಷ್ಟೇ ಮುಖ್ಯವಾದ ಆಚಾರ. ಬಿಸಿ ವಡೆ ಊದುತ್ತ, ಮೊದಲ ಅಂಕ ಹೇಗಿತ್ತೆಂದು ಗುರುತಿಲ್ಲದವರೂ ಪರಸ್ಪರ ಮಾತಾಡುತ್ತಾರೆ. ಮರಾಠಿ ರಂಗಭೂಮಿಯ ಮೂಲದಲ್ಲಿಯೂ ಹೀಗೇ ದೂರದಿಂದ ಬಂದವರಿದ್ದಾರೆ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನದ ಮೇಳ ಸಾಂಗ್ಲಿಯಲ್ಲಿ ಆಡಿದ್ದನ್ನು ಅಲ್ಲಿಯ ದೊರೆ ಮೆಚ್ಚಿ, ಅಂಥದೊಂದನ್ನು ಮರಾಠಿಯಲ್ಲಿ ಮಾಡಲು ಹೇಳಿದ್ದರಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಕೈಯಲ್ಲಿನ ವಡೆಯ ಕಥೆಯೂ ಅದೇ: ಒಳಗಿನ ಆಲೂಗಡ್ಡೆ, ಜೊತೆಗಿಟ್ಟ ಪಾವು, ಮೇಲಿನ ಹಸಿಮೆಣಸಿನಕಾಯಿ, ಮೂರೂ ಪೋರ್ಚುಗೀಸರ ಕಾಲದಿಂದ ಈ ಸೀಮೆಗೆ ಬಂದವು. ಇವತ್ತು ಇವಿಲ್ಲದೆ ಮಹಾರಾಷ್ಟ್ರದ ಸಂಜೆಯೇ ಇಲ್ಲ.

ನಾಟಕ ಬಿಟ್ಟ ಮೇಲೆ ಗುಡ್‌ಲಕ್ಕಿನಲ್ಲಿ ಇನ್ನೊಂದು ಚಹಾ ಕುಡಿಯಲು ಹೊತ್ತಿರುತ್ತದೆ. ರಸ್ತೆಯ ಬದಿಯಲ್ಲಿ ಭುರ್ಜಿ ಪಾವಿನ ಗಾಡಿಯ ಕಾವಲಿ ಟಣಟಣ ಅನ್ನುತ್ತಿರುತ್ತದೆ. ಅದರ ಪಕ್ಕಕ್ಕೆ ಹಬೆಯಾಡುವ ಮೋಮೊದ ಗಾಡಿಗಳು ಬಂದಿವೆ. ಪುಣೆಯ ಹುಡುಗರು ಅದಕ್ಕೂ ತಮ್ಮ ನಾಲಿಗೆ ಕಲಿಸಿದ್ದಾರೆ: ಕರಿದ ಮೋಮೊ, ತಂದೂರಿ ಮೋಮೊ, ಮೇಲೆ ಕೆಂಪು ಚಟ್ನಿ. ಹಿಮಾಲಯದ ಅಜ್ಜಿಯೊಬ್ಬಳು ನೋಡಿದರೆ ಗುರುತು ಹಿಡಿಯುವುದು ಕಷ್ಟ. ಉಡುಪಿಯ ಸಾಂಬಾರಿಗೆ ಎಪ್ಪತ್ತು ವರ್ಷದ ಹಿಂದೆ ಆದದ್ದೂ ಇದೇ.

ವೈಶಾಲಿ, ಗುಡ್‌ಲಕ್, ಶ್ರೇಯಸ್, ಸುಜಾತಾ ಎಂದು ಹೆಸರು ಬರೆದುಕೊಂಡು ಹೋಗಿ, ತಪ್ಪೇನಿಲ್ಲ. ಜೊತೆಗೆ ಇನ್ನೊಂದು ಕೆಲಸ ಮಾಡಿ. ತಟ್ಟೆ ತಂದಿಡುವ ಹುಡುಗನನ್ನು ಅವನ ಊರು ಯಾವುದೆಂದು ಕೇಳಿ. ಉಡುಪಿ ಹೋಟೆಲುಗಳಲ್ಲಿಯೂ ಇಂದು ಕಾರ್ಕಳ, ಕುಂದಾಪುರದ ಹೆಸರು ಹೇಳುವ ಎಳೆಯರು ಕಡಿಮೆ. ತುಳುನಾಡಿನ ಮನೆಗಳು ಈಗ ಮಕ್ಕಳನ್ನು ಓದಿಸಿವೆ, ಹದಿಮೂರಕ್ಕೆ ಊರು ಬಿಡಿಸಬೇಕಾಗಿಲ್ಲ. ಅದು ಸಂತೋಷದ ಸಂಗತಿ. ಅವರ ಜಾಗಕ್ಕೆ ಮರಾಠವಾಡ, ಬಿಹಾರ, ಒಡಿಶಾ, ನೇಪಾಳದಿಂದ ಬಂದವರಿದ್ದಾರೆ. ಒಂದು ಕಾಲಕ್ಕೆ ನಮ್ಮ ಹುಡುಗರು ಪರಊರಿನಲ್ಲಿ ಹೇಗೆ ಬದುಕಿದರೆಂಬುದನ್ನು ಬಲ್ಲ ನಾವು ಅವರೊಡನೆ ಎರಡು ಮಾತು ಹೆಚ್ಚೇ ಆಡಬೇಕು. ಈ ಊರು ಅವರಿಗೂ ನಿಲ್ಲಲು ಮೂರಡಿ ಜಾಗ ಕೊಟ್ಟು, ಅವರ ಕೈರುಚಿಗೆ ಬಾಯಿ ತೆರೆದರೆ, ಎಫ್‌.ಸಿ. ರೋಡಿನ ಮುಂದಿನ ದೊಡ್ಡ ಹೋಟೆಲು ಅವರಲ್ಲೊಬ್ಬರದಾಗುತ್ತದೆ.